ಸಣ್ಣ ಗಾಯದ ಫೇಸ್‌ಲಿಫ್ಟ್: ಯಾರಿಗೆ, ಹೇಗೆ, ಜೊತೆಗೆ ಇನ್ನೇನು

ಕನ್ನಡಿ ಮುಂದೆ ನೆಟ್ಟಗೆ ಕೂತು, ಕಿವಿಯ ಮುಂದಿನ ಚರ್ಮದ ಮೇಲೆ ಎರಡು ಬೆರಳಿಟ್ಟು ಮೆಲ್ಲಗೆ ಜರುಗಿಸಿ. ಹಿಂದಕ್ಕಲ್ಲ, ನೆತ್ತಿಯ ಕಡೆಗೆ. ಒಂದು ಸೆಂಟಿಮೀಟರ್ ಸಾಕು. ದವಡೆಯಂಚಿನಲ್ಲಿ ಜೋತುಬಿದ್ದದ್ದು ಮೇಲೆದ್ದು ಅಂಚು ಸ್ಪಷ್ಟವಾಗಿ ಕಂಡರೆ, ಸಣ್ಣ ಗಾಯದ ಫೇಸ್‌ಲಿಫ್ಟ್, ಅಂದರೆ ಕಿವಿಯ ಮುಂದೆ ಸಣ್ಣ ಗಾಯ ಮಾಡಿ ಜೋತ ಮುಖವನ್ನು ಎತ್ತುವ ಆಪರೇಷನ್, ನಿಮಗೆ ಹೊಂದಬಹುದು. ಹಾಗೆ ಎಳೆದ ಮೇಲೂ ಕಣ್ಣಿನ ಕೆಳಗಿನ ಗುಳಿ, ತುಟಿಯ ಮೇಲಿನ ಸಣ್ಣ ಗೆರೆ, ಹುಬ್ಬುಗಳ ನಡುವಿನ ನೆರಿಗೆ, ಕೆನ್ನೆಯ ಬಂಗು ಇದ್ದ ಹಾಗೇ ಇದ್ದರೆ, ಆಪರೇಷನ್ ಮಾಡಿಸಿದ ಮೇಲೂ ಅವು ಹಾಗೇ ಇರುತ್ತವೆ. ಮುಖ ಜೋತುಬೀಳುವುದು ಒಂದು, ಕೊಬ್ಬು ಕರಗಿ ಗುಳಿ ಬೀಳುವುದು ಇನ್ನೊಂದು, ಸ್ನಾಯು ಮಡಚಿ ಮಡಚಿ ಗೆರೆ ಮೂಡುವುದು ಮತ್ತೊಂದು, ಬಿಸಿಲಿಗೆ ಚರ್ಮ ಕೆಡುವುದು ಬೇರೆಯೇ. ಒಂದೊಂದಕ್ಕೂ ಚಿಕಿತ್ಸೆ ಬೇರೆ. ಈ ಲೆಕ್ಕ ತಪ್ಪಿದರೆ ದುಡ್ಡೂ ಹೋಗುತ್ತದೆ, ಮುಖವೂ ಹಾಗೇ ಉಳಿಯುತ್ತದೆ.

ಕತ್ತಿನ ಚರ್ಮ ತೀರಾ ಸಡಿಲವಾಗಿದ್ದರೆ, ಗದ್ದದ ಕೆಳಗೆ ಹಗ್ಗದಂತೆ ಎರಡು ಪಟ್ಟಿ ಎದ್ದು ಕಂಡರೆ, ಸಣ್ಣ ಗಾಯದಿಂದ ಅದು ಸರಿಹೋಗುವುದಿಲ್ಲ. ಅದಕ್ಕೆ ಕಿವಿಯ ಹಿಂದಕ್ಕೂ ಗಾಯ ಮಾಡಿ ಕತ್ತನ್ನೂ ಸೇರಿಸಿ ಮಾಡುವ ಪೂರ್ಣ ಫೇಸ್‌ಲಿಫ್ಟ್ ಬೇಕು.

ಒಳಗೆ ನಡೆಯುವುದು ಏನು

ಬರೀ ಚರ್ಮವನ್ನು ಎಳೆದು ಹೊಲಿದರೆ ಅದು ಮತ್ತೆ ಹಿಗ್ಗುತ್ತದೆ, ಗಾಯದ ಗುರುತು ಅಗಲವಾಗುತ್ತದೆ, ಕಿವಿಹಾಲೆ ಕೆಳಕ್ಕೆ ಜಗ್ಗಿ ಕೆನ್ನೆಗೆ ಅಂಟಿದಂತಾಗುತ್ತದೆ. ಓಲೆ ಹಾಕಿದಾಗ ಈ ತಪ್ಪು ಎದ್ದು ಕಾಣುತ್ತದೆ. ಭಾರ ಹೊರಬೇಕಾದ್ದು ಚರ್ಮದಡಿಯ ಸ್ಮಾಸ್ ಎಂಬ ಪದರ. 1976ರಲ್ಲಿ ಫ್ರಾನ್ಸಿನ ವೈದ್ಯರಾದ ಮಿಟ್ಸ್ ಮತ್ತು ಪೆಯ್ರೋನಿ ಇದನ್ನು ವಿವರಿಸಿದ ಮೇಲೆ ಫೇಸ್‌ಲಿಫ್ಟ್‌ನ ದಾರಿಯೇ ಬದಲಾಯಿತು. 2002ರಲ್ಲಿ ಬೆಲ್ಜಿಯಂನ ಸರ್ಜನ್‌ಗಳಾದ ಟೊನಾರ್ಡ್ ಮತ್ತು ವರ್ಪಾಲೆ ಪ್ರಕಟಿಸಿದ ಮ್ಯಾಕ್ಸ್ ಲಿಫ್ಟ್ ಸಣ್ಣ ಗಾಯದ ವಿಧಾನಗಳಲ್ಲಿ ಹೆಸರಾದದ್ದು.

ಇದರಲ್ಲಿ ಗಾಯ ಕಿವಿಹಾಲೆಯ ಬುಡದಿಂದ ಶುರುವಾಗಿ ಕಿವಿಯ ಮುಂದೆ ಹತ್ತಿ, ಕಣತಲೆಯ (ಹಣೆಯ ಪಕ್ಕದ) ಕೂದಲಂಚಿನಲ್ಲಿ ಅಂಕುಡೊಂಕಾಗಿ ಮುಗಿಯುತ್ತದೆ. ಕಿವಿಯ ಹಿಂದೆ ಗಾಯವಿಲ್ಲ. ಕೂದಲಂಚಿನಲ್ಲಿ ಬ್ಲೇಡನ್ನು ಓರೆಯಾಗಿ ಹಿಡಿಯುತ್ತಾರೆ. ಆಗ ಗುರುತಿನ ನಡುವಿನಿಂದಲೇ ಕೂದಲು ಹುಟ್ಟಿ ಅದನ್ನು ಮುಚ್ಚುತ್ತದೆ. ಕೆನ್ನೆಯ ಚರ್ಮವನ್ನು ಬಿಡಿಸಿದ ಮೇಲೆ, ಗಟ್ಟಿ ದಾರವನ್ನು ಸ್ಮಾಸ್‌ನಲ್ಲಿ ಸಣ್ಣ ಸಣ್ಣ ಕಚ್ಚಾಗಿ ಪೋಣಿಸಿಕೊಂಡು ಹೋಗಿ ತಿರುಗಿ ತರುತ್ತಾರೆ, ಲಾಡಿ ಪೋಣಿಸಿದ ಹಾಗೆ. ಒಂದು ಸುತ್ತು ಕಿರಿದಾಗಿ ದವಡೆಯ ಮೂಲೆಯವರೆಗೆ ಇಳಿದು ಕತ್ತಿನ ಮೇಲ್ಭಾಗವನ್ನು ಎತ್ತುತ್ತದೆ, ಇನ್ನೊಂದು ಅಗಲವಾಗಿ ದವಡೆಯಂಚಿನ ಜೋಲನ್ನು ಎತ್ತುತ್ತದೆ. ದಾರ ಬಿಗಿದಾಗ ಸುತ್ತಿನೊಳಗಿನ ಮೆದು ಭಾಗವೆಲ್ಲ ಮುದುಡಿ ಮೇಲಕ್ಕೆ ಸರಿಯುತ್ತದೆ. ಗಂಟು ಬೀಳುವುದು ಕಣತಲೆಯ ಗಟ್ಟಿ ಪೊರೆಗೆ, ಕೆನ್ನೆಮೂಳೆಯ ಕಮಾನಿಗಿಂತ ಸುಮಾರು 1 ಸೆಂಟಿಮೀಟರ್ ಮೇಲೆ, ಕಿವಿಯ ಹತ್ತಿರಕ್ಕೆ. ಇನ್ನೂ ಮುಂದೆ ಹೋದರೆ ಹುಬ್ಬು ಎತ್ತುವ ನರ ಅಡ್ಡ ಸಿಗುತ್ತದೆ. ಹೆಚ್ಚಾದ ಚರ್ಮವನ್ನು ಕೊನೆಗೆ ಕತ್ತರಿಸಿ, ಎಳೆತವಿಲ್ಲದೆ ಹೊಲಿಯುತ್ತಾರೆ. ಲೋಕಲ್ ಅನಸ್ತೇಶಿಯಾ ಮತ್ತು ನಿದ್ದೆಯ ಮದ್ದಿನಲ್ಲಿ ಎರಡು ಮೂರು ಗಂಟೆಯ ಕೆಲಸ.

ಮೊದಲು ಕೇಳಬೇಕಾದ್ದು

ಡಾಕ್ಟರಿಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ (ಈಗ ಡಿಆರ್‌ಎನ್‌ಬಿ) ಪದವಿ ಇದೆಯೇ ನೋಡಿ. ಕಾಸ್ಮೆಟಾಲಜಿ ಕೋರ್ಸಿನ ಸರ್ಟಿಫಿಕೇಟ್ ಅದಕ್ಕೆ ಸಾಟಿಯಲ್ಲ. ಕರ್ನಾಟಕದಲ್ಲಾದರೆ ಕ್ಲಿನಿಕ್‌ಗೆ ಕೆಪಿಎಂಇ (ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಇರಲೇಬೇಕು. ಅನಸ್ತೇಶಿಯಾ ಡಾಕ್ಟರ್ ಕೊನೆಯವರೆಗೂ ಇರುತ್ತಾರೆಯೇ, ರಾತ್ರಿ ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಅಂದಕ್ಕಾಗಿ ಮಾಡಿಸುವ ಸರ್ಜರಿಗೆ ಸಾಮಾನ್ಯವಾಗಿ ಆರೋಗ್ಯ ವಿಮೆ ಸಿಗುವುದಿಲ್ಲ, ಜಿಎಸ್‌ಟಿ ಬೀಳುತ್ತದೆ. ಹೇಳಿದ ರೇಟಿನಲ್ಲಿ ಅದು ಸೇರಿದೆಯೇ ಕೇಳಿ.

ತಂಬಾಕು ಕನಿಷ್ಠ 4 ವಾರ ಮುಂಚೆ ನಿಲ್ಲಬೇಕು, ಆಮೇಲೂ 4 ವಾರ ಬೇಡ. ಸಿಗರೇಟು ಮಾತ್ರವಲ್ಲ, ಎಲೆಅಡಿಕೆ ಜೊತೆಗಿನ ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ, ನಿಕೋಟಿನ್ ಚೂಯಿಂಗ್ ಗಮ್ ಎಲ್ಲವೂ ಇದರಲ್ಲಿ ಬಂತು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಸೆಳೆದು ಬಿಗಿಮಾಡುತ್ತದೆ. ಬಿಡಿಸಿದ ಚರ್ಮ ಬದುಕುವುದೇ ಆ ನಾಳಗಳ ಮೇಲೆ. ಅವು ಮುಚ್ಚಿದರೆ ಕಿವಿಯ ಹತ್ತಿರದ ಚರ್ಮ ಕಪ್ಪಾಗಿ ಸತ್ತು ಉದುರುತ್ತದೆ. ಡಾಕ್ಟರಿಂದ ಈ ಚಟವನ್ನು ಮುಚ್ಚಿಡಬೇಡಿ.

ಐಬುಪ್ರೊಫೆನ್, ಮೀನೆಣ್ಣೆ, ವಿಟಮಿನ್ ಇ, ಬೆಳ್ಳುಳ್ಳಿ ಕ್ಯಾಪ್ಸೂಲ್‌ಗಳನ್ನು ಸಾಮಾನ್ಯವಾಗಿ 2 ವಾರ ಮುಂಚೆ ನಿಲ್ಲಿಸಲು ಹೇಳುತ್ತಾರೆ. ಹೃದಯಕ್ಕೆಂದು ಆಸ್ಪಿರಿನ್ ಅಥವಾ ರಕ್ತ ತೆಳುಮಾಡುವ ಮಾತ್ರೆ ತಿನ್ನುವವರು ಅದನ್ನು ಕೊಟ್ಟ ಡಾಕ್ಟರನ್ನು ಕೇಳದೆ ಬಿಡಕೂಡದು. ಬಿಪಿ ಮಾತ್ರೆ ಆಪರೇಷನ್ ಬೆಳಿಗ್ಗೆ ತಗೊಳ್ಳಬೇಕೋ ಬೇಡವೋ ಎಂದು ಅನಸ್ತೇಶಿಯಾ ಡಾಕ್ಟರನ್ನು ಮೊದಲೇ ಕೇಳಿ. ಕಿವಿ ಚುಚ್ಚಿಸಿದಾಗ ಗಂಟು ಬೆಳೆದಿತ್ತೇ? ಅದು ಗಾಯದ ಕಲೆ ಉಬ್ಬಿ ಬೆಳೆಯುವ ಕೀಲಾಯ್ಡ್ ಸ್ವಭಾವದ ಗುರುತು, ಮೊದಲ ಭೇಟಿಯಲ್ಲೇ ತೋರಿಸಿ.

ಮೊದಲ ರಾತ್ರಿ

ಇಲ್ಲಿ ಮನೆಯವರು ಎಚ್ಚರವಾಗಿರಬೇಕು. ಫೇಸ್‌ಲಿಫ್ಟ್ ಆದವರಿಗೆ ಹೆಚ್ಚಾಗಿ ಬರುವ ತೊಂದರೆ ಎಂದರೆ ಚರ್ಮದಡಿ ರಕ್ತ ತುಂಬಿ ಗಡ್ಡೆಯಾಗುವ ಹೆಮಟೋಮಾ, ಅದೂ ಬಹುತೇಕ ಮೊದಲ 24 ಗಂಟೆಯಲ್ಲಿ. ಗಂಡಸರಿಗೆ ಸಂಭವ ಹೆಚ್ಚು. ರಕ್ತನಾಳ ಬಿಗಿಯಲೆಂದು ಗಾಯಕ್ಕೆ ಹಾಕಿದ್ದ ಅಡ್ರಿನಾಲಿನ್ ಇಳಿದಾಗ ನಾಳಗಳು ತೆರೆದುಕೊಳ್ಳುತ್ತವೆ; ಅದೇ ಹೊತ್ತಿಗೆ ವಾಂತಿ, ಕೆಮ್ಮು, ತಿಣುಕುವುದು, ನೋವಿನಿಂದ ಬಿಪಿ ಏರುವುದು ಸೇರಿದರೆ ರಕ್ತ ಒಸರುತ್ತದೆ. ಎರಡೂ ಕೆನ್ನೆ ಸಮವಾಗಿ ಊದುವುದು ಸಹಜ. ಒಂದೇ ಕಡೆ ನೋವು ಏರುತ್ತಾ ಹೋಗುವುದು, ಆ ಕೆನ್ನೆ ಮುಟ್ಟಿದರೆ ಬಿಗಿದ ಚೆಂಡಿನಂತಿರುವುದು, ಕೆನ್ನೆಯ ಒಳಭಾಗ, ತುಟಿ ನೀಲಿಗಟ್ಟುವುದು ಸಹಜವಲ್ಲ. ಇನ್ನೊಂದು ನೋವಿನ ಮಾತ್ರೆ ಕೊಟ್ಟು ಬೆಳಗಾಗಲಿ ಎಂದು ಕಾಯಬೇಡಿ, ಕೂಡಲೇ ಡಾಕ್ಟರಿಗೆ ಫೋನ್ ಮಾಡಿ. ಬೇಗ ರಕ್ತ ತೆಗೆದರೆ ಚರ್ಮ ಉಳಿಯುತ್ತದೆ. ಉಸಿರಾಟಕ್ಕೆ ಕಷ್ಟವಾದರೆ ನೇರ ಎಮರ್ಜೆನ್ಸಿಗೆ ಹೋಗಿ.

ಬೆನ್ನಿಗೂ ಆಸರೆ ಕೊಟ್ಟು ತಲೆಯನ್ನು ಸುಮಾರು 30 ಡಿಗ್ರಿ ಎತ್ತರದಲ್ಲಿಡಿ. ತಲೆಯಡಿ ಮಾತ್ರ ದಿಂಬು ಪೇರಿಸಿದರೆ ಗದ್ದ ಎದೆಗೆ ಬಾಗಿ ಕತ್ತು ಮಡಚುತ್ತದೆ. ಕೆನ್ನೆ ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಜೋಮು ಹಿಡಿದಂತಿರುತ್ತದೆ. ಆದ್ದರಿಂದ ಐಸ್ ನೇರವಾಗಿ ಇಡಬೇಡಿ, ಬಿಸಿ ಹೇರ್ ಡ್ರೈಯರ್ ಹಿಡಿಯಬೇಡಿ; ಸುಟ್ಟರೂ ಗೊತ್ತಾಗುವುದಿಲ್ಲ. ಒಂದು ವಾರ ಗಂಜಿ, ಮೆದು ಅನ್ನ, ಇಡ್ಲಿ. ಚಕ್ಕುಲಿ, ಕೋಡುಬಳೆ ಬೇಡ. ಮುಂದೆ ಗುಂಡಿ ಇರುವ ಅಂಗಿಯನ್ನೇ ಹಾಕಿ. ಬಗ್ಗಿ ಕಸ ಗುಡಿಸುವುದು, ಭಾರ ಎತ್ತುವುದು, ಶೀರ್ಷಾಸನ 3–4 ವಾರ ಬೇಡ. ಹೆಲ್ಮೆಟ್ ಹೊಲಿಗೆಯ ಮೇಲೇ ಉಜ್ಜುತ್ತದೆ, ಸ್ಕೂಟರ್ ಹತ್ತಬೇಡಿ. ಕಿವಿ ಮುಂದಿನ ಹೊಲಿಗೆ 5–7 ದಿನಕ್ಕೆ ಬಿಚ್ಚುತ್ತಾರೆ, ಕೂದಲ ಕಡೆಯದು ಸ್ವಲ್ಪ ತಡ. ಕಂದುಗಟ್ಟಿದ್ದು ಎರಡು ವಾರದಲ್ಲಿ ಹೆಚ್ಚುಕಡಿಮೆ ಮಾಯ. ಮನೆಯಲ್ಲಿ ಮದುವೆ ಇದ್ದರೆ ಕನಿಷ್ಠ 6 ವಾರದ ಅಂತರ ಬೇಕು, ಎರಡು ಮೂರು ತಿಂಗಳಾದರೆ ನೆಮ್ಮದಿ.

ಜೊತೆಯ ಚಿಕಿತ್ಸೆಗಳು

ಹಣೆ, ಹುಬ್ಬಿನ ನಡುವಿನ ಗೆರೆಗೆ ಬೊಟಾಕ್ಸ್, ಅಂದರೆ ಸ್ನಾಯುವನ್ನು ಕೆಲಕಾಲ ಸಡಿಲಿಸುವ ಇಂಜೆಕ್ಷನ್. ಹುಬ್ಬಿನ ನಡುವೆ ರೂಢಿಯ ಪ್ರಮಾಣ 5 ಕಡೆ 4 ಯೂನಿಟ್, ಒಟ್ಟು 20. ಪೂರ್ತಿ ಪರಿಣಾಮ ಕಾಣಲು 2 ವಾರ. 3–4 ತಿಂಗಳು ನಿಲ್ಲುತ್ತದೆ. ಒಂದು ಬ್ರ್ಯಾಂಡಿನ ಯೂನಿಟ್ ಇನ್ನೊಂದರ ಯೂನಿಟ್‌ಗೆ ಸಮವಲ್ಲ, ಹಾಗಾಗಿ ಬಿಲ್ಲಿನಲ್ಲಿ ಬ್ರ್ಯಾಂಡ್, ಯೂನಿಟ್ ಎರಡೂ ಬರೆಸಿ.

ಗುಳಿ ತುಂಬಲು ಹಯಲುರಾನಿಕ್ ಆಸಿಡ್ ಫಿಲ್ಲರ್, ಚರ್ಮದಡಿ ಚುಚ್ಚುವ ಜೆಲ್. ಊತ ಪೂರ್ತಿ ಇಳಿಯುವ ಮುಂಚೆ ಎಷ್ಟು ತುಂಬಬೇಕೆಂದು ಅಂದಾಜು ಸಿಗುವುದಿಲ್ಲ, ಮೂರು ತಿಂಗಳು ತಾಳಿ. ಊಟದ ಬಿಡುವಿನಲ್ಲಿ ಮುಗಿಸಿಕೊಳ್ಳುವ ಕೆಲಸ ಎಂದು ಇದನ್ನು ಮಾರುವುದು ತಪ್ಪು. ಜೆಲ್ ರಕ್ತನಾಳಕ್ಕೆ ಹೊಕ್ಕರೆ ಚರ್ಮ ತಟ್ಟನೆ ಬಿಳುಚುತ್ತದೆ, ಆಮೇಲೆ ನೀಲಿಬಲೆಯಂತೆ ಕಾಣುತ್ತದೆ, ಕೆಲವರಿಗೆ ವಿಪರೀತ ನೋವು. ಮೂಗಿನಲ್ಲಿ ಅಥವಾ ಹುಬ್ಬುಗಳ ನಡುವೆ ಹೀಗಾದರೆ ಕಣ್ಣೇ ಹೋಗಬಹುದು. ಇದನ್ನು ಕರಗಿಸುವ ಹಯಲುರಾನಿಡೇಸ್ ಅದೇ ಕೋಣೆಯ ಫ್ರಿಜ್‌ನಲ್ಲಿ ಇಲ್ಲದಿದ್ದರೆ ಅಲ್ಲಿ ಚುಚ್ಚಿಸಿಕೊಳ್ಳಬೇಡಿ. ಬ್ಯೂಟಿ ಪಾರ್ಲರ್‌ನಲ್ಲಂತೂ ಬೇಡವೇ ಬೇಡ.

ಚರ್ಮದಡಿ ದಾರ ತೂರಿಸಿ ಮುಖ ಎತ್ತುವ ಥ್ರೆಡ್ ಲಿಫ್ಟ್ ಫೇಸ್‌ಲಿಫ್ಟ್‌ಗೆ ಬದಲಿಯಲ್ಲ. ಇದರಲ್ಲಿ ಬಳಸುವ ಪಿಡಿಒ ಎಂಬ ದಾರ ಆರು ತಿಂಗಳ ಆಸುಪಾಸಿನಲ್ಲಿ ಕರಗುತ್ತದೆ, ಹೆಚ್ಚುವರಿ ಚರ್ಮ ಎಲ್ಲೂ ಹೋಗುವುದಿಲ್ಲ. ಮುಂಚೆ ದಾರ ಹಾಕಿಸಿದ್ದರೆ ಸರ್ಜನ್‌ಗೆ ಹೇಳಿ, ಒಳಗೆ ಗಾಯಗಟ್ಟಿದ ಪದರ ಬಿಡಿಸುವುದು ಕಷ್ಟ.

ಚರ್ಮದ ಹೊಳಪಿಗೆ ಪೀಲ್ (ಮೇಲ್ಪದರ ಸುಲಿಯುವ ರಾಸಾಯನಿಕ ಲೇಪ) ಮತ್ತು ಲೇಸರ್. ಆಗಷ್ಟೇ ಬಿಡಿಸಿ ಹೊಲಿದ ಚರ್ಮದ ಮೇಲೆ ಆಳದ ಲೇಸರ್ ಹಾಯಿಸಿದರೆ ಅದಕ್ಕಿರುವ ಅಲ್ಪ ರಕ್ತ ಸಾಲದೆ ಸಾಯಬಹುದು. ನಮ್ಮ ಗೋಧಿ, ಎಣ್ಣೆಗೆಂಪು ಬಣ್ಣಕ್ಕೆ ಇನ್ನೊಂದು ಕಾಟ ಎಂದರೆ ಶಾಖಕ್ಕೆ ಕಲೆ ಏಳುವುದು. ಕೆಂಪು ಇಳಿದು ಎಲ್ಲ ಸರಿಯಾಯಿತು ಎನ್ನುವಾಗ, ಕೆಲವು ವಾರ ಬಿಟ್ಟು ಕಂದುಕಲೆ ಮೂಡುತ್ತದೆ. ಕಿವಿಯ ಹತ್ತಿರ ನಾಣ್ಯದಷ್ಟು ಜಾಗದಲ್ಲಿ ಮೊದಲು ಹಾಯಿಸಿ, ಒಂದು ತಿಂಗಳು ನೋಡಿ, ಆಮೇಲೆ ಮುಖಕ್ಕೆ ಮಾಡುವವರನ್ನೇ ಹುಡುಕಿ. ತೋರುಬೆರಳು, ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಎಳೆದಷ್ಟು ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಮುಖ–ಕತ್ತಿಗೆ ಬೇಕು. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಕಿವಿ ಮುಂದಿನ ಗೆರೆಯ ಮೇಲೂ ಹಚ್ಚಿ. ಆ ಗೆರೆ ಮಾಗಿ ತಿಳಿಯಾಗಲು 6 ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಅದು ಉಬ್ಬಿ, ತುರಿಸಿ, ಗಟ್ಟಿಯಾಗತೊಡಗಿದರೆ ಆಗಲೇ ಹೋಗಿ ತೋರಿಸಿ, ಸ್ಟೀರಾಯ್ಡ್ ಇಂಜೆಕ್ಷನ್ ಆ ಹಂತದಲ್ಲೇ ಚೆನ್ನಾಗಿ ಕೆಲಸ ಮಾಡುವುದು.