‘ಆಗರ್’ ಎಂಬ ಇಂಗ್ಲಿಷ್ ಕ್ರಿಯಾಪದವನ್ನು ಬಳಸುವ ಬಗೆ

ಇಂಗ್ಲಿಷ್ ಪತ್ರಿಕೆಗಳ ಸಂಪಾದಕೀಯ ಮತ್ತು ವಾಣಿಜ್ಯ ಪುಟಗಳಲ್ಲಿ ಆಗಾಗ ಎದುರಾಗುವ ‘ಆಗರ್’ (augur) ಕ್ರಿಯಾಪದಕ್ಕೆ, ಈಗ ಕಾಣುತ್ತಿರುವ ಸಂಗತಿಯೊಂದು ಮುಂದೆ ಬರಲಿರುವ ಒಳಿತನ್ನೋ ಕೆಡುಕನ್ನೋ ಸೂಚಿಸುವುದು ಎಂಬ ಅರ್ಥವಿದೆ. ಪ್ರಾಚೀನ ರೋಮ್‌ನಲ್ಲಿ ಆಗರ್ ಎಂಬುದು ಒಂದು ಪುರೋಹಿತ ಪದವಿ. ಈ ಪದವಿಯಲ್ಲಿದ್ದವರು ಡೊಂಕುಕೋಲಿನಿಂದ ಆಕಾಶದಲ್ಲಿ ಎಲ್ಲೆ ಗುರುತಿಸಿ, ಹಕ್ಕಿಗಳು ಯಾವ ಕಡೆಯಿಂದ ಹಾರಿಬಂದವು, ಹೇಗೆ ಕೂಗಿದವು ಎಂಬುದನ್ನು ಗಮನಿಸಿ, ಕೈಗೊಳ್ಳಲಿರುವ ಕಾರ್ಯಕ್ಕೆ ದೇವತೆಗಳ ಒಪ್ಪಿಗೆ ಉಂಟೇ ಎಂದು ತಿಳಿಸುತ್ತಿದ್ದರು. ವಾಗ್ಮಿ ಸಿಸೆರೊ ಕೂಡ ಅವರಲ್ಲೊಬ್ಬ. ಹಾಲಕ್ಕಿಯ ನುಡಿ ಕೇಳಿ ಶಕುನ ಹೇಳುವ ಬುಡಬುಡಿಕೆಯವರನ್ನು ಬಲ್ಲ ನಮಗೆ ಈ ಹಿನ್ನೆಲೆ ಅಪರಿಚಿತವೆನಿಸದು.

ಇಂದಿನ ಬಳಕೆಯಲ್ಲಿ ಈ ಕ್ರಿಯಾಪದದ ಕರ್ತೃ ಸಾಮಾನ್ಯವಾಗಿ ಮನುಷ್ಯನಲ್ಲ, ಸೂಚನೆ ಕೊಡುವ ಸಂಗತಿ. ಆದ್ದರಿಂದ ತಜ್ಞರು ‘ಆಗರ್’ ಮಾಡಿದರು ಎಂಬಂತೆ ಬರೆಯದೆ, ಮಳೆ, ಫಲಿತಾಂಶ, ಒಪ್ಪಂದ ಮೊದಲಾದವನ್ನೇ ಕರ್ತೃವಾಗಿಸಬೇಕು. ಉದಾಹರಣೆಗೆ, ‘ದಿ ಅರ್ಲಿ ರೇನ್ ಆಗರ್ಸ್ ವೆಲ್ ಫಾರ್ ದಿ ರಾಗಿ ಕ್ರಾಪ್’ ಎಂದರೆ ಬೇಗ ಬಂದ ಮಳೆ ರಾಗಿ ಬೆಳೆಗೆ ಶುಭಸೂಚನೆ ಎಂದರ್ಥ. ಕರ್ತೃ ಬಹುವಚನದಲ್ಲಿದ್ದರೆ ‘ಆಗರ್ಸ್’ ಎಂಬುದು ‘ಆಗರ್’ ಆಗುತ್ತದೆ.

ಕನ್ನಡಿಗರು ಎಡವುವುದು ಬಹುಮಟ್ಟಿಗೆ ಈ ವಾಕ್ಯದ ಉತ್ತರಾರ್ಧದಲ್ಲಿ. ‘ಬೆಳೆಗೆ ಒಳ್ಳೆಯದು’ ಎಂಬ ನಮ್ಮ ಮಾತಿನ ಜಾಡು ಹಿಡಿದು ‘ಆಗರ್ಸ್ ಗುಡ್ ಟು’ ಎಂದು ಬರೆದರೆ ಎರಡು ತಪ್ಪುಗಳು ಒಟ್ಟಿಗೆ ನುಸುಳುತ್ತವೆ. ಒಳಿತಿಗೆ ‘ವೆಲ್’, ಕೆಡುಕಿಗೆ ‘ಇಲ್’ ಅಥವಾ ‘ಬ್ಯಾಡ್ಲಿ’ ಬಳಸಿ, ಚತುರ್ಥಿಯ ‘ಗೆ’ ಪ್ರತ್ಯಯದ ಜಾಗದಲ್ಲಿ ‘ಫಾರ್’ ಇಡುವುದು ಸರಿಯಾದ ಕ್ರಮ. ‘ಈಸ್ ಆಗರಿಂಗ್’ ಎಂಬ ರೂಪ ವಿರಳವಾದ್ದರಿಂದ ಅದನ್ನು ಬಿಡುವುದೇ ಲೇಸು.

ಇದೇ ಅರ್ಥದ ‘ಬೋಡ್’ ಕ್ರಿಯಾಪದವೂ ಇದೇ ರಚನೆಯಲ್ಲಿ ಬರುತ್ತದೆ. ‘ಪೋರ್ಟೆಂಡ್’ ಮಾತ್ರ ಹೆಚ್ಚಾಗಿ ಕೇಡಿಗೇ ಸಲ್ಲುವ ಪದವಾಗಿದ್ದು, ‘ವೆಲ್’ ಬೇಡದೆ ನೇರವಾಗಿ ಕರ್ಮಪದವನ್ನು ತೆಗೆದುಕೊಳ್ಳುತ್ತದೆ. ಇವು ಮೂರೂ ಬರವಣಿಗೆಯ ಪದಗಳಾದ್ದರಿಂದ, ಸಹೋದ್ಯೋಗಿಯೊಡನೆ ಮಾತನಾಡುವಾಗ ‘ಗುಡ್ ಸೈನ್’ ಎಂದರೆ ಸಾಕು.

ಕಾಗುಣಿತದಲ್ಲಿ ವಿಶೇಷ ಎಚ್ಚರ ಅಗತ್ಯ. ಕೊನೆಯ ‘ಆರ್’ ಅಕ್ಷರಕ್ಕೆ ಮುಂಚೆ ‘ಯು’ ಇದ್ದರೆ ಮಾತ್ರ ಅದು ಶಕುನದ ಪದ. ಅಲ್ಲಿ ‘ಇ’ ಬರೆದರೆ, ಅದೇ ಉಚ್ಚಾರಣೆಯ, ಮರವನ್ನೋ ನೆಲವನ್ನೋ ಕೊರೆಯುವ ಬೈರಿಗೆಯ ಹೆಸರಾಗುತ್ತದೆ. ಎರಡೂ ನಿಘಂಟಿನಲ್ಲಿರುವ ಪದಗಳೇ ಆದ್ದರಿಂದ ಕಂಪ್ಯೂಟರಿನ ಕಾಗುಣಿತ ಪರೀಕ್ಷೆಯು ಈ ತಪ್ಪಿಗೆ ಗೆರೆ ಎಳೆಯದೇ ಹೋಗಬಹುದು.