ಲಿಥಿಯಂ ಸೆಲ್‌ನ ವೆಂಟ್ ಹೊತ್ತಿಗೆ ಸರಿಯಾಗಿ ಬಾಯಿ ಬಿಡುತ್ತದೆಯೇ? ಪರೀಕ್ಷಿಸುವ ಬಗೆ

ಪರೀಕ್ಷಾ ಕೊಠಡಿಗೆ ಹೊಸದಾಗಿ ಬಂದವರ ಕೈಗೆ ನಾನು ಮೊದಲು ಕೊಡುವುದು ಒಂದು ಭೂತಗನ್ನಡಿ ಮತ್ತು ಲಿಥಿಯಂ ಸೆಲ್‌ಗಳ ಒಡೆದ ಹತ್ತು ಮುಚ್ಚಳಗಳು. ಒತ್ತಡದ ಅಂಕಿಗಳನ್ನು ಆಮೇಲೆ ಕಲಿಯಬಹುದು. ಲೋಹದ ಬಿಲ್ಲೆ ಎಲ್ಲಿಂದ ಹರಿದಿದೆ, ಎಷ್ಟು ಹರಿದಿದೆ, ಹರಿದ ತುಣುಕು ಎಲ್ಲಿಗೆ ಹೋಗಿದೆ ಎಂಬುದನ್ನು ಕಣ್ಣು ಮೊದಲು ಕಲಿಯಬೇಕು.

18650 ಸೆಲ್ ಎಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಲೋಹದ ಡಬ್ಬಿ. ಅದರ ಧನ ತುದಿಯ ಗುಬುಟಿನ ಸುತ್ತ ಸಣ್ಣ ಕಿಂಡಿಗಳಿರುತ್ತವೆ. ಕಿಂಡಿಗಳ ಕೆಳಗೆ ಗೀರು ಹಾಕಿದ ತೆಳುವಾದ ಬಿಲ್ಲೆ ಕೂತಿರುತ್ತದೆ, ಅದೇ ವೆಂಟ್, ಅಂದರೆ ಒಳಗಿನ ಒತ್ತಡವನ್ನು ಹೊರಬಿಡುವ ಬಾಯಿ. ಹಲವು ಸೆಲ್‌ಗಳಲ್ಲಿ ಅದರ ಅಡಿಗೆ ಒಂದು ಚುಕ್ಕಿ ಬೆಸುಗೆ ಇರುತ್ತದೆ. ಒಳಗೆ ಅನಿಲ ಸೇರಿ ಬಿಲ್ಲೆ ಉಬ್ಬಿದಾಗ ಮೊದಲು ಆ ಬೆಸುಗೆ ಕಿತ್ತು ವಿದ್ಯುತ್ ಹರಿವು ನಿಲ್ಲುತ್ತದೆ. ಒತ್ತಡ ಇನ್ನೂ ಏರಿದರೆ ಗೀರು ಹರಿಯುತ್ತದೆ. ನಾನು ಪರೀಕ್ಷಿಸಿದ ಮುಚ್ಚಳಗಳಲ್ಲಿ ಮೊದಲನೆಯದು ಸುಮಾರು 10 ಬಾರ್‌ನಲ್ಲಿ, ಎರಡನೆಯದು ಸುಮಾರು 20 ಬಾರ್‌ನಲ್ಲಿ ಆಗುವುದೇ ಹೆಚ್ಚು. ಈ ಕ್ರಮ ತಲೆಕೆಳಗಾದರೆ ಆ ಮುಚ್ಚಳವನ್ನು ನಾನು ಒಪ್ಪುವುದಿಲ್ಲ.

ಕೈಮುಗಿದು ಹೇಳುತ್ತೇನೆ, ಚಾರ್ಜ್ ಆಗಿರುವ ಸೆಲ್ ಅನ್ನು ಮನೆಯಲ್ಲಿ ಕಾಯಿಸಿ, ಚುಚ್ಚಿ, ಕತ್ತರಿಸಿ ನೋಡಬೇಡಿ. ಹೊರಬರುವ ಅನಿಲದಲ್ಲಿ ಹೈಡ್ರೋಜನ್ ಮತ್ತು ಕಾರ್ಬನ್ ಮಾನಾಕ್ಸೈಡ್ ಇರುತ್ತವೆ, ಹೈಡ್ರೋಜನ್ ಫ್ಲೋರೈಡ್ ಕೂಡ ಇರಬಹುದು. ಮುಂದೆ ಹೇಳುವುದೆಲ್ಲ ಹೊಗೆ ಹೊರಹಾಕುವ ವ್ಯವಸ್ಥೆ, ಗಟ್ಟಿ ಕವಚ ಮತ್ತು ತರಬೇತಾದ ಇನ್ನೊಬ್ಬರು ಜೊತೆಗಿರುವ ಪ್ರಯೋಗಾಲಯಕ್ಕೆ.

ಮೊದಲ ಪರೀಕ್ಷೆಗೆ ಸೆಲ್‌ನ ರಸಾಯನವೇ ಬೇಡ. ಒಳಗೆ ಏನೂ ತುಂಬದ ಖಾಲಿ ಡಬ್ಬಿಗೆ, ಉತ್ಪಾದನೆಯ ಯಂತ್ರದಲ್ಲೇ, ಅದೇ ಗ್ಯಾಸ್ಕೆಟ್ (ಸೋರದಂತೆ ನಡುವೆ ಕೂರಿಸುವ ಬಳೆ) ಹಾಕಿ ಮುಚ್ಚಳವನ್ನು ಕ್ರಿಂಪ್ ಮಾಡಿಸಿಕೊಳ್ಳಿ, ಅಂದರೆ ಡಬ್ಬಿಯ ಅಂಚನ್ನು ಮುಚ್ಚಳದ ಮೇಲೆ ಮಡಿಸಿ ಬಿಗಿಸಿಕೊಳ್ಳಿ. ಬಿಡಿ ಮುಚ್ಚಳವನ್ನು ಫಿಕ್ಸ್ಚರ್‌ನಲ್ಲಿ ಬಿಗಿದು ಪರೀಕ್ಷಿಸಿದರೆ ಬಿಲ್ಲೆಯ ಗುಣವಷ್ಟೇ ತಿಳಿಯುತ್ತದೆ. ಡಬ್ಬಿಯ ಕತ್ತು ಒತ್ತಡವನ್ನು ತಡೆಯುತ್ತದೆಯೇ ಎಂಬ ದೊಡ್ಡ ಪ್ರಶ್ನೆ ಹಾಗೇ ಉಳಿಯುತ್ತದೆ. ಡಬ್ಬಿಯ ತಳಕ್ಕೆ ರಂಧ್ರ ಕೊರೆದು ಒತ್ತಡದ ಕೊಳವೆಯನ್ನು ಸೋರದಂತೆ ಜೋಡಿಸಿ.

ಒತ್ತಡ ಕೊಡಲು ನಾನು ಎಣ್ಣೆಯನ್ನೇ ಬಳಸುತ್ತೇನೆ. ಅಷ್ಟೇ ಒತ್ತಡದ ಅನಿಲ ಬಹಳ ಹೆಚ್ಚು ಶಕ್ತಿಯನ್ನು ಅಡಗಿಸಿಟ್ಟುಕೊಳ್ಳುತ್ತದೆ, ಒಡೆದಾಗ ಎಲ್ಲವನ್ನೂ ಒಮ್ಮೆಗೇ ಬಿಡುತ್ತದೆ. ಎಣ್ಣೆಯ ಒತ್ತಡ ಒಂದು ಹನಿ ಚಿಮ್ಮಿದೊಡನೆ ಕುಸಿಯುತ್ತದೆ. ಅದಕ್ಕಾಗಿಯೇ ಕೊಳವೆಯಲ್ಲಿ ಗಾಳಿಯ ಗುಳ್ಳೆ ಉಳಿಯಬಾರದು. ಡಬ್ಬಿಯನ್ನು ತಲೆಕೆಳಗಾಗಿ ಹಿಡಿದು, ಬೆರಳಿನಿಂದ ತಟ್ಟುತ್ತಾ, ಗುಳ್ಳೆ ಬರುವುದು ಪೂರ್ತಿ ನಿಲ್ಲುವವರೆಗೆ ಎಣ್ಣೆ ಹರಿಸಿ. ಬೇಸರದ ಕೆಲಸ, ಆದರೆ ಇಲ್ಲಿ ಅವಸರ ಮಾಡಿದವರ ಅಂಕಿಗಳನ್ನು ನಾನು ನಂಬುವುದಿಲ್ಲ.

ಆಮೇಲೆ ಡಬ್ಬಿಯನ್ನು ಪಾಲಿಕಾರ್ಬೊನೇಟ್ ಕವಚದೊಳಗಿಟ್ಟು ಒತ್ತಡವನ್ನು ನಿಧಾನವಾಗಿ, ಪ್ರತಿ ಬಾರಿಯೂ ಒಂದೇ ವೇಗದಲ್ಲಿ ಏರಿಸಿ. ವೇಗ ಬದಲಾದರೆ ಒಂದು ಮುಚ್ಚಳವನ್ನು ಇನ್ನೊಂದರೊಂದಿಗೆ ಹೋಲಿಸಲಾಗದು. ಮುಚ್ಚಳದ ಒಳತುದಿಗೂ ಹೊರತುದಿಗೂ ವಿದ್ಯುತ್ ರೋಧ ಅಳೆಯುವ ಮಿಲಿಓಮ್ ಮೀಟರ್‌ನ ತಂತಿ ಹಚ್ಚಿರಬೇಕು. ರೋಧ ಒಮ್ಮೆಲೇ ಅಳತೆ ಮೀರಿ ಹೋದ ಕ್ಷಣದ ಒತ್ತಡವನ್ನು ಬರೆದುಕೊಳ್ಳಿ, ಬೆಸುಗೆ ಕಿತ್ತದ್ದು ಆಗ. ಗೇಜ್‌ನ ಮುಳ್ಳು ಬಿದ್ದ ಕ್ಷಣದ್ದು ಎರಡನೆಯ ಅಂಕಿ. ಒಂದು ತಂಡಕ್ಕೆ, ಅಂದರೆ ಒಟ್ಟಿಗೆ ತಯಾರಾದ ಒಂದು ಕಂತಿಗೆ, ಕನಿಷ್ಠ 30 ಮುಚ್ಚಳಗಳನ್ನಾದರೂ ಒಡೆಯುತ್ತೇನೆ.

ಸರಾಸರಿಯನ್ನು ನೋಡಿ ಸಮಾಧಾನಪಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಒಮ್ಮೆ ಎರಡು ತಂಡಗಳು ಒಟ್ಟಿಗೆ ಬಂದಿದ್ದವು. ಎರಡರ ಸರಾಸರಿಯೂ 20 ಬಾರ್ ಆಸುಪಾಸು. ಒಂದರ ಅಂಕಿಗಳು 19ರಿಂದ 21ರೊಳಗೆ ಇದ್ದವು, ಇನ್ನೊಂದರವು 15ರಿಂದ 26ರವರೆಗೆ ಚದುರಿದ್ದವು. ಆ ಎರಡನೆಯ ತಂಡದ ಒಂದು ಡಬ್ಬಿಯಲ್ಲಿ ಬಿಲ್ಲೆ ಹರಿಯಲೇ ಇಲ್ಲ, ಅದಕ್ಕೂ ಮೊದಲು ಕ್ರಿಂಪ್ ಬಿಚ್ಚಿಕೊಂಡು ಇಡೀ ಮುಚ್ಚಳವೇ ಹಾರಿತು. ಎಣ್ಣೆಯ ಒತ್ತಡಕ್ಕೇ ಕವಚದ ಮೇಲೆ ಉಗುರಿನಷ್ಟು ದೊಡ್ಡ ಗುರುತು ಬಿತ್ತು. ನಿಜವಾದ ಸೆಲ್‌ನಲ್ಲಿ ಅನಿಲ ತುಂಬಿದ್ದರೆ ಅದು ಗುಂಡಿನಂತೆ ಬರುತ್ತದೆ. ವೆಂಟ್ ಒಡೆಯುವ ಗರಿಷ್ಠ ಅಂಕಿ ಕ್ರಿಂಪ್ ತಡೆಯುವ ಕನಿಷ್ಠ ಅಂಕಿಗಿಂತ ಸಾಕಷ್ಟು ಕೆಳಗಿರಬೇಕು. ಇದಕ್ಕಾಗಿ ವೆಂಟ್ ಅನ್ನು ಬೇಕೆಂದೇ ಮುಚ್ಚಿ ಕೆಲವು ಡಬ್ಬಿಗಳ ಕ್ರಿಂಪ್ ಅನ್ನು ಪ್ರತ್ಯೇಕವಾಗಿ ಒಡೆದು ನೋಡಿ. ಬಿಸಿಗೆ ಗ್ಯಾಸ್ಕೆಟ್ ಮೆತ್ತಗಾಗುವುದರಿಂದ ಕೊಠಡಿಯ ತಾಪದಲ್ಲಿ ಸಿಕ್ಕ ಅಂತರವನ್ನೇ ನೆಚ್ಚಿಕೊಳ್ಳಬೇಡಿ.

ಭೂತಗನ್ನಡಿ ಬೇಕಾಗುವುದು ಈಗ. ಚೆನ್ನಾಗಿ ತೆರೆದ ಬಿಲ್ಲೆ ಗೀರಿನ ಬಹುಭಾಗ ಹರಿದು, ಒಂದು ಕಡೆ ಅಂಟಿಕೊಂಡು, ಎಸಳಿನಂತೆ ಮೇಲಕ್ಕೆ ಮಡಚಿರುತ್ತದೆ. ಕೆಟ್ಟದ್ದರಲ್ಲಿ ಸೂಜಿ ತೂರುವಷ್ಟೇ ಸೀಳು ಇರುತ್ತದೆ. ಒತ್ತಡ ಇಳಿದಿರುವುದರಿಂದ ಗೇಜ್ ಎರಡಕ್ಕೂ ಪಾಸ್ ಎನ್ನುತ್ತದೆ. ಆದರೆ ಬೆಂಕಿಯ ಹೊತ್ತಿನಲ್ಲಿ ರಭಸದಿಂದ ಹುಟ್ಟುವ ಅನಿಲ ಆ ಸೂಜಿಸೀಳಿನಲ್ಲಿ ಹೋಗಲಾರದು. ಬಿಲ್ಲೆ ಪೂರ್ತಿ ಕಿತ್ತು ಗುಬುಟಿನ ಕಿಂಡಿಗಳಿಗೆ ಅಡ್ಡ ಕೂತಿದ್ದರೂ ಅದೇ ಕಥೆ.

ಎರಡನೆಯ ಹಂತ ಜೀವಂತ ಸೆಲ್‌ನದು. ಪೂರ್ತಿ ಚಾರ್ಜ್ ಮಾಡಿ, ತೂಗಿ, ಮೈಗೆ ಹೀಟರ್ ಸುತ್ತಿ, ಮಧ್ಯಕ್ಕೊಂದು ತಾಪ ಅಳೆಯುವ ಥರ್ಮೋಕಪಲ್, ವೆಂಟ್‌ನ ಎದುರಿಗೊಂದು ಇಟ್ಟು ನಿಮಿಷಕ್ಕೆ 5 ಡಿಗ್ರಿಯಂತೆ ಕಾಯಿಸುತ್ತೇವೆ. ವೋಲ್ಟೇಜ್ ಮತ್ತು ವಿಡಿಯೊ ಜೊತೆಗೇ ದಾಖಲಾಗಬೇಕು. ವೆಂಟ್ ಬಿಟ್ಟಾಗ ಟಪ್ ಎಂಬ ಸದ್ದು, ಬಿಳಿ ಆವಿ, ಮೈತಾಪದಲ್ಲಿ ಚಿಕ್ಕದೊಂದು ತಗ್ಗು ಕಾಣುತ್ತದೆ. ಆ ಬಿಳಿಯದನ್ನು ಬರೀ ಹೊಗೆ ಎಂದುಕೊಳ್ಳಬೇಡಿ, ಅದರಲ್ಲಿ ಉರಿಯಬಲ್ಲ ದ್ರಾವಕದ ಆವಿ ಇರುತ್ತದೆ, ಕಿಡಿ ಸಿಕ್ಕರೆ ಹೊತ್ತಿಕೊಳ್ಳುತ್ತದೆ. ಈ ಸದ್ದಿನಿಂದ ತಾಪ ಕೈಮೀರಿ ಓಡುವವರೆಗಿನ ಸಮಯವನ್ನು ಸೆಕೆಂಡುಗಳಲ್ಲಿ ಬರೆಯಿರಿ. ಆ ಸಾಧನವನ್ನು ಬಳಸುವವರು ದೂರ ಸರಿಯಲು ಸಿಗುವ ಸಮಯ ಅದು.

ಮಾನದಂಡಗಳನ್ನು ಓದುವಾಗ ಒಂದು ಎಚ್ಚರ. ಸೆಲ್ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ ಐಇಸಿ 62133-2 ಸೆಲ್ ಅನ್ನು 130 ಡಿಗ್ರಿಯ ಒಲೆಯಲ್ಲಿಡುತ್ತದೆ, ಅಲ್ಲಿ ಆಗಬಾರದ್ದು ಬೆಂಕಿ ಮತ್ತು ಸ್ಫೋಟ ಮಾತ್ರ. ಆದರೆ ಸಾಗಣೆಗಾಗಿ ವಿಶ್ವಸಂಸ್ಥೆ ಇಟ್ಟಿರುವ ಯುಎನ್ 38.3 ಪರೀಕ್ಷೆಗಳಲ್ಲಿ 11.6 ಕಿಲೊಪಾಸ್ಕಲ್‌ನ ತೆಳುಗಾಳಿಯಲ್ಲಿ ಆರು ಗಂಟೆ ಇಟ್ಟಾಗಲೂ, 72 ಡಿಗ್ರಿ ಮತ್ತು ಮೈನಸ್ 40 ಡಿಗ್ರಿಯ ನಡುವೆ ಓಡಾಡಿಸಿದಾಗಲೂ ವೆಂಟ್ ತೆರೆಯುವುದೇ ತಪ್ಪು.

ಹಲವು ಸೆಲ್‌ಗಳನ್ನು ಜೋಡಿಸಿ ಪ್ಯಾಕ್ ಕಟ್ಟುವವರು ಸೆಲ್ ಮುಟ್ಟದೆಯೇ ಮಾಡಬಹುದಾದ ಪರೀಕ್ಷೆಯೂ ಉಂಟು. ಕಿಂಡಿಗಳ ಮೇಲೆ ಅಂಟು ಹರಡಿಕೊಂಡಿದೆಯೇ, ನಿಕ್ಕಲ್ ಪಟ್ಟಿ ಅಡ್ಡ ಬಂದಿದೆಯೇ, ವೆಂಟ್‌ನ ಎದುರು ಇನ್ನೊಂದು ಸೆಲ್‌ನ ಮೈಯಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ಕೈಚೀಲದಂಥ ಪೌಚ್ ಸೆಲ್‌ಗೆ ಸಾಮಾನ್ಯವಾಗಿ ವೆಂಟ್ ಇರುವುದಿಲ್ಲ, ಅಂಚಿನ ಬೆಸುಗೆ ಎಲ್ಲಿ ಬಿಚ್ಚುತ್ತದೋ ಅದೇ ದಾರಿ.

ಪರೀಕ್ಷೆ ಮುಗಿದ ಸೆಲ್ ಅನ್ನು ಕನಿಷ್ಠ ಒಂದು ದಿನ ಕವಚದೊಳಗೇ ಬಿಡಿ. ತಣ್ಣಗಾದ ಮೇಲೆ ಕೈಗವಸು ತೊಟ್ಟು ಮತ್ತೆ ತೂಗಿ, ಬಿಲ್ಲೆಯ ಫೋಟೊ ತೆಗೆದು, ಸೆಲ್‌ನ ಸಂಖ್ಯೆ ಬರೆದ ಚೀಟಿಯೊಂದಿಗೆ ಡಬ್ಬಿಗೆ ಹಾಕಿ. ನನ್ನ ಬಳಿ ಅಂಥ ಡಬ್ಬಿಗಳು ಒಂದು ಕಪಾಟಿನ ತುಂಬ ಇವೆ, ಹೊಸ ತಂಡದ ಬಿಲ್ಲೆಯಲ್ಲಿ ಅನುಮಾನ ಬಂದಾಗಲೆಲ್ಲ ಹಳೆಯದನ್ನು ತೆಗೆದು ಪಕ್ಕದಲ್ಲಿಟ್ಟು ನೋಡುತ್ತೇನೆ.