ಅಲ್ಟ್ರಾಸೌಂಡ್ ಕೋಡಿಂಗ್: ಹೆಡಿಂಗ್ ನಂಬಬೇಡಿ, ಅಂಗ ಎಣಿಸಿ

ಹುಬ್ಬಳ್ಳಿ-ಧಾರವಾಡದಲ್ಲಿ ಕೂತು ಅಮೆರಿಕದ ಆಸ್ಪತ್ರೆಗಳಿಗೆ ಮೆಡಿಕಲ್ ಕೋಡಿಂಗ್ (ರಿಪೋರ್ಟ್ ಓದಿ ಬಿಲ್‌ಗೆ ಕೋಡ್ ಸಂಖ್ಯೆ ಹಾಕುವ ಕೆಲಸ) ಮಾಡಲು ಕಲಿಯುವವರು ಅಲ್ಟ್ರಾಸೌಂಡ್ ರಿಪೋರ್ಟ್ ಬಂದಾಗ ಎಡವುವುದನ್ನು ನೋಡುತ್ತಲೇ ಇದ್ದೇನೆ. ನಮ್ಮ ಕಡೆ ಹೊಟ್ಟೆ, ಕಿಬ್ಬೊಟ್ಟೆ ಎರಡನ್ನೂ ಒಟ್ಟಿಗೆ ನೋಡಿ ಒಂದೇ ಬಿಲ್ ಕೊಡುವುದು ರೂಢಿ. ಅಲ್ಲಿ ಹೊಟ್ಟೆಗೆ 76700, ಗರ್ಭಿಣಿಯಲ್ಲದವರ ಕಿಬ್ಬೊಟ್ಟೆಗೆ 76856. ಎರಡೂ ಬೇರೆ ಬೇರೆ ಸಿಪಿಟಿ ಕೋಡ್, ಅಂದರೆ ಅಮೆರಿಕದಲ್ಲಿ ಪ್ರತಿ ಪರೀಕ್ಷೆ, ಚಿಕಿತ್ಸೆಗೆ ಬಿಲ್‌ನಲ್ಲಿ ಹಾಕುವ ಸಂಖ್ಯೆ.

ಮೊದಲು ಯಾವ ಭಾಗ, ಗರ್ಭಿಣಿಯೋ ಅಲ್ಲವೋ ನೋಡಿಕೊಳ್ಳಿ.

ಎರಡನೆಯದೇ ಕಠಿಣ: ಕಂಪ್ಲೀಟೋ, ಲಿಮಿಟೆಡ್ಡೋ? "ಹೆಡಿಂಗ್‌ನ್ಯಾಗ ಕಂಪ್ಲೀಟ್ ಅಂತ ಐತಲ್ರೀ ಸರ್" ಅನ್ನುತ್ತಾರೆ ಹುಡುಗರು. ಹೆಡಿಂಗ್ ಬಿಡಿ, ಫೈಂಡಿಂಗ್ಸ್ (ಸ್ಕ್ಯಾನ್‌ನಲ್ಲಿ ಕಂಡದ್ದನ್ನು ಬರೆದ ಭಾಗ) ಓದಿ. 76700 ಹಾಕಬೇಕಾದರೆ ಲಿವರ್, ಪಿತ್ತಕೋಶ, ಪಿತ್ತನಾಳ, ಮೇದೋಜೀರಕ ಗ್ರಂಥಿ, ಗುಲ್ಮ, ಎರಡೂ ಕಿಡ್ನಿ, ಹೊಟ್ಟೆಯ ಮೇಲ್ಭಾಗದ ಅಯೋರ್ಟಾ (ಮಹಾಪಧಮನಿ), ಐವಿಸಿ (ಕೆಳ ಮಹಾಅಭಿಧಮನಿ) ಎಲ್ಲದರ ಬಗ್ಗೆಯೂ ಬರೆದಿರಬೇಕು. ಪೆನ್ಸಿಲ್ ಹಿಡಿದು ಒಂದೊಂದಕ್ಕೂ ಟಿಕ್ ಹಾಕಿ. ಕಣ್ಣಾಡಿಸಿ ಬಿಟ್ಟರೆ ಐವಿಸಿ ತಪ್ಪಿಹೋಗುತ್ತದೆ. ಪಿತ್ತಕೋಶ ಆಪರೇಷನ್‌ನಲ್ಲಿ ತೆಗೆದಿದೆ, ಗ್ಯಾಸ್‌ನಿಂದ ಮೇದೋಜೀರಕ ಕಾಣಲಿಲ್ಲ ಎಂದು ಕಾರಣ ಬರೆದಿದ್ದರೆ ಅದೂ ಕಂಪ್ಲೀಟೇ. ಗುಲ್ಮದ ಮಾತೇ ಇಲ್ಲ, ಕಾರಣವೂ ಇಲ್ಲವೆಂದರೆ ಡಾಕ್ಟರಿಗೆ ಕ್ವೆರಿ (ಲಿಖಿತ ಪ್ರಶ್ನೆ) ಕಳಿಸಿ. ನೋಡಿದ್ದೇನೆಂದು ಅವರು ರಿಪೋರ್ಟ್‌ಗೆ ಸೇರಿಸದಿದ್ದರೆ ಲಿಮಿಟೆಡ್, ಅಂದರೆ 76705. ನೋಡಿರಬಹುದು ಎಂದು ನೀವೇ ಊಹಿಸಿ 76700 ಹಾಕುವುದು ತಪ್ಪು ಬಿಲ್.

ಕಿಡ್ನಿಯದು ಇನ್ನೊಂದು ಬಲೆ. ಮೂತ್ರದ ತೊಂದರೆಗೆಂದು ಎರಡೂ ಕಿಡ್ನಿ, ಮೂತ್ರಕೋಶ ಪೂರ್ತಿ ನೋಡಿದ್ದರೆ 76770. ಬರೀ ಕಿಡ್ನಿಯಾದರೆ 76775.

ಗರ್ಭಿಣಿಯಾದರೆ ವಾರ ನೋಡಿ. ಹೊಟ್ಟೆಯ ಮೇಲಿಂದ ಮಾಡಿದ ಪೂರ್ಣ ಸ್ಕ್ಯಾನ್‌ಗೆ 14 ವಾರದೊಳಗೆ 76801, 14 ತುಂಬಿದ ಮೇಲೆ 76805. ಹೃದಯ ಬಡಿತವನ್ನಷ್ಟೇ ನೋಡಿದ್ದರೆ 76815. ಯೋನಿಮಾರ್ಗದ ಸ್ಕ್ಯಾನ್‌ಗೆ 76817, ಗರ್ಭಿಣಿಯಲ್ಲದವರಿಗೆ 76830.

ಡಾಪ್ಲರ್ (ರಕ್ತದ ಹರಿವು ತೋರಿಸುವ ಸ್ಕ್ಯಾನ್) ಎಂಬ ಪದ ಕಂಡ ಕೂಡಲೇ ಹೊಟ್ಟೆ, ಕಿಬ್ಬೊಟ್ಟೆಯ ರಕ್ತಹರಿವು ಪರೀಕ್ಷೆಯ ಕೋಡ್ 93975 ಸೇರಿಸಬೇಡಿ. ರಕ್ತನಾಳ ಯಾವುದೆಂದು ಗುರುತಿಸಲು ಬಣ್ಣ ಹಾಕಿದ್ದಕ್ಕೆ ಬೇರೆ ದುಡ್ಡಿಲ್ಲ. 93975 ಹಾಕಬೇಕಾದರೆ ಕಲರ್ ಜೊತೆಗೆ ಸ್ಪೆಕ್ಟ್ರಲ್ ವೇವ್‌ಫಾರ್ಮ್ (ರಕ್ತದ ಹರಿವಿನ ಅಲೆಯ ಗ್ರಾಫ್) ವಿಶ್ಲೇಷಣೆಯೂ ಬರೆದಿರಬೇಕು.

ಡಾಕ್ಟರ್ ರಿಪೋರ್ಟ್ ಓದಿದ್ದಕ್ಕಷ್ಟೇ ಬಿಲ್ ಆದರೆ 26, ಮಷಿನ್ ಕೆಲಸಕ್ಕಷ್ಟೇ ಆದರೆ ಟಿಸಿ ಮಾಡಿಫೈಯರ್ (ಕೋಡ್‌ನ ಕೊನೆಗೆ ಸೇರಿಸುವ ಗುರುತು).

ಝೆರಾಕ್ಸ್ ಅಂಗಡಿಯ ನೋಟ್ಸ್ ಮಾತ್ರ ಕೊಳ್ಳಲೇಬೇಡಿ. ಸ್ತನ ಸ್ಕ್ಯಾನ್‌ನ 76645 ಕೋಡನ್ನು 2015ರಲ್ಲೇ ತೆಗೆದು 76641, 76642 ತಂದಿದ್ದಾರೆ. ಹಳೆಯ ನೋಟ್ಸ್‌ನಲ್ಲಿ ಅದು ಹಾಗೆಯೇ ಕೂತಿರುತ್ತದೆ. ಕೋಡ್ ತಾನೇ ತೋರಿಸುವ ಸಾಫ್ಟ್‌ವೇರ್‌ನ ಮೇಲೂ ಭಾರ ಹಾಕಬೇಡಿ, ಅದೂ ಹೆಡಿಂಗನ್ನೇ ಹಿಡಿಯಬಹುದು. ಸಿಪಿಟಿ ಪುಸ್ತಕ ಪ್ರತಿ ಜನವರಿ 1ಕ್ಕೆ ಬದಲಾಗುತ್ತದೆ. ದುಬಾರಿಯಾದರೂ ಆ ವರ್ಷದ್ದನ್ನೇ ಕೊಳ್ಳಿ, ಇಬ್ಬರು ಸೇರಿ ಕೊಂಡರೂ ಸರಿ.